ಕಿಡ್ನಿಯಲ್ಲಿ ಸಣ್ಣ ಗಡ್ಡೆ: ತೆಗೆಸಬೇಕಾ, ಕಾದು ನೋಡಬೇಕಾ?

ಕೇಳುಗರಿಗೆಲ್ಲ ನಮಸ್ಕಾರ.

ಪಿತ್ತಕೋಶದಲ್ಲಿ ಕಲ್ಲಿದೆಯಾ ನೋಡೋಣ ಅಂತ ಹೊಟ್ಟೆಯ ಸ್ಕ್ಯಾನಿಂಗ್‌ಗೆ ಹೋಗಿರುತ್ತಾರೆ. ಕಲ್ಲು ಇರುವುದಿಲ್ಲ. ಆದರೆ ರಿಪೋರ್ಟಿನ ಕೊನೆಯಲ್ಲಿ ‘ಬಲ ಕಿಡ್ನಿಯಲ್ಲಿ 2.6 ಸೆಂಟಿಮೀಟರ್ ಗಡ್ಡೆ’ ಎಂದು ಬರೆದಿರುತ್ತದೆ. ಈಗ ಕಿಡ್ನಿಯ ಸಣ್ಣ ಗಡ್ಡೆಗಳು ಹೆಚ್ಚಾಗಿ ಗೊತ್ತಾಗುವುದೇ ಹೀಗೆ. ನೋವಿಲ್ಲ, ಜ್ವರ ಇಲ್ಲ, ಮೂತ್ರದಲ್ಲಿ ರಕ್ತವೂ ಇಲ್ಲ. ಬೇರೆ ಏನನ್ನೋ ಹುಡುಕುವಾಗ ಇದು ಸಿಕ್ಕಿಬಿಡುತ್ತದೆ.

‘ಆಪರೇಷನ್ ಯಾವಾಗ ಡಾಕ್ಟ್ರೇ?’ ಮನೆಯವರ ಮೊದಲ ಪ್ರಶ್ನೆ ಇದು. ನಾನು ಹೇಳುವುದು, ಸ್ವಲ್ಪ ತಾಳಿ ಅಂತ. ಗಡ್ಡೆ 4 ಸೆಂಟಿಮೀಟರ್‌ಗಿಂತ ಚಿಕ್ಕದಿದ್ದರೆ ಸಾಮಾನ್ಯವಾಗಿ ನಾಳೆಯೇ ತೀರ್ಮಾನ ಮಾಡಬೇಕಾಗಿಲ್ಲ. ಯೋಚನೆ ಮಾಡಲು, ಇನ್ನೊಬ್ಬ ಯೂರಾಲಜಿಸ್ಟ್, ಅಂದರೆ ಕಿಡ್ನಿ ಮತ್ತು ಮೂತ್ರನಾಳದ ಆಪರೇಷನ್ ತಜ್ಞರ ಹತ್ತಿರ ಕೇಳಲು ಕೆಲವು ವಾರ ತೆಗೆದುಕೊಳ್ಳಬಹುದು.

ಮೊದಲು ಅದು ಏನು ಅಂತ ಗೊತ್ತಾಗಬೇಕು. ಅಲ್ಟ್ರಾಸೌಂಡ್ ಒಂದೇ ಸಾಲದು. ರಕ್ತನಾಳಕ್ಕೆ ಕಾಂಟ್ರಾಸ್ಟ್, ಅಂದರೆ ಚಿತ್ರ ಸ್ಪಷ್ಟವಾಗಿ ಕಾಣಿಸುವಂತೆ ಮಾಡುವ ಔಷಧ ಕೊಟ್ಟು ಸಿ.ಟಿ. ಅಥವಾ ಎಂ.ಆರ್.ಐ. ಮಾಡಬೇಕು. ಔಷಧ ಕೊಡುವ ಮುಂಚಿನ ಚಿತ್ರ, ಕೊಟ್ಟ ಮೇಲಿನ ಚಿತ್ರ ಎರಡನ್ನೂ ಹೋಲಿಸಿ ನೋಡುತ್ತೇವೆ. ಬರೀ ನೀರು ತುಂಬಿದ ಗುಳ್ಳೆಯಾದರೆ ಔಷಧವನ್ನು ಹೀರುವುದಿಲ್ಲ. ವಯಸ್ಸಾದವರಲ್ಲಿ ಇಂಥ ಗುಳ್ಳೆಗಳು ತುಂಬಾ ಸಾಮಾನ್ಯ, ಅದಕ್ಕೆ ಏನೂ ಮಾಡಬೇಕಾಗಿಲ್ಲ. ಒಳಗೆ ಕೊಬ್ಬು ಕಾಣಿಸಿದರೆ ಅದು ಹೆಚ್ಚಾಗಿ ಕ್ಯಾನ್ಸರ್ ಅಲ್ಲದ ಗಡ್ಡೆ. ಗಟ್ಟಿಯಾಗಿದ್ದು ಔಷಧ ಹೀರಿಕೊಂಡರೆ ಕ್ಯಾನ್ಸರ್ ಇರಬಹುದು ಎಂಬ ಅನುಮಾನ ಬರುತ್ತದೆ.

ಆದರೆ ಅಂಥ ಸಣ್ಣ ಗಟ್ಟಿ ಗಡ್ಡೆಗಳಲ್ಲೂ ಸುಮಾರು ಐದರಲ್ಲಿ ಒಂದು ಕ್ಯಾನ್ಸರ್ ಆಗಿರುವುದಿಲ್ಲ. ಉಳಿದವುಗಳಲ್ಲೂ ಹೆಚ್ಚಿನವು ನಿಧಾನವಾಗಿ ಬೆಳೆಯುತ್ತವೆ, ಸರಾಸರಿ ವರ್ಷಕ್ಕೆ 2–3 ಮಿಲಿಮೀಟರ್. ಸರಿಯಾಗಿ ಆರಿಸಿ, ನಿಗಾ ಇಟ್ಟು ಕಾದವರಲ್ಲಿ ಮೊದಲ ಕೆಲವು ವರ್ಷಗಳಲ್ಲಿ ರೋಗ ಬೇರೆ ಕಡೆ ಹರಡಿದ್ದು ನೂರಕ್ಕೆ ಒಬ್ಬರು, ಇಬ್ಬರಲ್ಲಿ ಮಾತ್ರ.

ಹಾಗಾದರೆ ಎಲ್ಲರೂ ಕಾಯಬಹುದಾ? ಇಲ್ಲ. ಗಡ್ಡೆಯ ಜೊತೆಗೆ ಅದು ಯಾರಿಗೆ ಬಂದಿದೆ ಎನ್ನುವುದನ್ನೂ ನೋಡಬೇಕು. 76 ವರ್ಷದ ಹಿರಿಯರು, ಹೃದಯಕ್ಕೆ ಸ್ಟೆಂಟ್ ಹಾಕಿದೆ, ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇದೆ, ಗಡ್ಡೆ 2 ಸೆಂಟಿಮೀಟರ್. ಇವರಿಗೆ ಗಡ್ಡೆಗಿಂತ ಅರಿವಳಿಕೆಯ ಅಪಾಯವೇ ದೊಡ್ಡದು. ಅದೇ 45 ವರ್ಷದ ಗಟ್ಟಿಮುಟ್ಟಾದ ಹೆಣ್ಣುಮಗಳು, ಗಡ್ಡೆ ಮೂರೂವರೆ ಸೆಂಟಿಮೀಟರ್ ಅಂದರೆ ನಾನು ಆಪರೇಷನ್ ಕಡೆಗೇ ವಾಲುತ್ತೇನೆ. ಅವರ ಮುಂದೆ ಇನ್ನೂ ಬಹಳ ವರ್ಷಗಳಿವೆ.

ಕಾದು ನೋಡುವುದು ಅಂದರೆ ಸುಮ್ನೆ ಕೂರುವುದಲ್ಲ. ಮೊದಲ ಸ್ಕ್ಯಾನ್ ಮೂರರಿಂದ ಆರು ತಿಂಗಳಲ್ಲಿ, ಆಮೇಲೆ ಆರು ತಿಂಗಳಿಗೊಮ್ಮೆ, ಎಲ್ಲ ಸರಿಯಾಗಿದ್ದರೆ ಮುಂದೆ ವರ್ಷಕ್ಕೊಮ್ಮೆ. ವರ್ಷಕ್ಕೆ 5 ಮಿಲಿಮೀಟರ್‌ಗಿಂತ ಜಾಸ್ತಿ ಬೆಳೆದರೆ, ಅಥವಾ ಒಟ್ಟು ಗಾತ್ರ 4 ಸೆಂಟಿಮೀಟರ್ ದಾಟುವ ಹಾಗಿದ್ದರೆ ಚಿಕಿತ್ಸೆಯ ಮಾತು ಮತ್ತೆ ಎತ್ತುತ್ತೇವೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಒಂದು ಊರಿನ ಅಲ್ಟ್ರಾಸೌಂಡ್‌ನಲ್ಲಿ 2.4 ಅಂತ ಬರುತ್ತದೆ, ಇನ್ನೊಂದು ಊರಿನ ಸಿ.ಟಿ.ಯಲ್ಲಿ 2.7. ‘ಬೆಳೆದುಬಿಟ್ಟಿದೆ!’ ಅಂತ ಮನೆಮಂದಿಗೆಲ್ಲ ನಿದ್ದೆ ಇರುವುದಿಲ್ಲ. ಅದು ಅಳತೆಯ ವ್ಯತ್ಯಾಸವಷ್ಟೇ ಇರಬಹುದು. ಆದಷ್ಟೂ ಒಂದೇ ಕಡೆ, ಒಂದೇ ಬಗೆಯ ಸ್ಕ್ಯಾನ್ ಮಾಡಿಸಿ. ಹೊಸ ಚಿತ್ರವನ್ನು ಹೋದ ಸಲದ್ದರ ಜೊತೆಗಷ್ಟೇ ಅಲ್ಲ, ಮೊಟ್ಟಮೊದಲ ಚಿತ್ರದ ಜೊತೆಗೂ ಹೋಲಿಸಬೇಕು. ಪ್ರತಿ ಸಲ ಒಂದೊಂದೇ ಮಿಲಿಮೀಟರ್ ಹೆಚ್ಚಾದರೆ ಪಕ್ಕಪಕ್ಕದ ಚಿತ್ರಗಳಲ್ಲಿ ಅದು ತಿಳಿಯುವುದಿಲ್ಲ. ಅದಕ್ಕೇ ಹಳೆಯ ಫಿಲ್ಮು, ಸಿ.ಡಿ. ಯಾವುದನ್ನೂ ಎಸೆಯಬೇಡಿ, ಬರುವಾಗ ಎಲ್ಲ ತನ್ನಿ.

ನನಗೆ ತುಂಬಾ ಕಷ್ಟವಾಗುವ ಮಾತು ಇನ್ನೊಂದು. ತಂದೆಯನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಮಗ ಒಬ್ಬನೇ ಒಳಗೆ ಬರುತ್ತಾನೆ. ‘ಸರ್, ಅಪ್ಪನಿಗೆ ಏನೂ ಹೇಳಬೇಡಿ, ಎದೆಗುಂದಿಬಿಡ್ತಾರೆ.’ ಆ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ವಿಷಯವೇ ಗೊತ್ತಿಲ್ಲದ ಮನುಷ್ಯ ಆರು ತಿಂಗಳಿಗೊಮ್ಮೆ ಯಾಕೆ ಬಸ್ಸು ಹತ್ತಿ ಬರುತ್ತಾರೆ? ಎರಡು ಸಲ ಬರುತ್ತಾರೆ, ಮೂರನೇ ಸಲ ‘ನಾನು ಚೆನ್ನಾಗಿದ್ದೀನಲ್ಲಪ್ಪ’ ಅಂತ ಮನೆಯಲ್ಲೇ ಉಳಿಯುತ್ತಾರೆ. ಹೇಳಬೇಕು. ಮೆಲ್ಲಗೆ, ಪಕ್ಕದಲ್ಲಿ ಕೂತು, ನಿಜವನ್ನೇ ಹೇಳಬೇಕು. ಹಾಗೆಯೇ ಗಡ್ಡೆ ಒಳಗಿದೆ ಎಂಬ ಯೋಚನೆಯಲ್ಲೇ ಊಟ ನಿದ್ದೆ ಬಿಡುವವರಿದ್ದಾರೆ. ಅವರ ಮಟ್ಟಿಗೆ ಆ ಕಳವಳವೂ ಆಪರೇಷನ್ನಿಗೆ ಒಂದು ಕಾರಣವೇ. ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

‘ಸೂಜಿ ಚುಚ್ಚಿದರೆ ಹರಡುತ್ತದೆ’ ಎಂಬ ಹೆದರಿಕೆ ನಮ್ಮಲ್ಲಿ ಬಹಳ. ಕಿಡ್ನಿಯ ಗಡ್ಡೆಯ ಬಯಾಪ್ಸಿಯಲ್ಲಿ, ಅಂದರೆ ಸೂಜಿಯಿಂದ ಸಣ್ಣ ತುಣುಕು ತೆಗೆದು ಪರೀಕ್ಷೆ ಮಾಡುವಾಗ, ಹಾಗಾಗುವುದು ತೀರಾ ಅಪರೂಪ. ಕೆಲವೊಮ್ಮೆ ತೆಗೆದ ತುಣುಕಿನಿಂದ ಉತ್ತರ ಸಿಗದೆ ಹೋಗಬಹುದು, ಅದು ನಿಜ. ಆದರೂ ಕಾಯುವುದೋ ತೆಗೆಸುವುದೋ ಎಂದು ತೂಗುತ್ತಿರುವಾಗ ಬಯಾಪ್ಸಿ ಬಹಳ ಸಲ ದಾರಿ ತೋರಿಸುತ್ತದೆ.

ಆಪರೇಷನ್ ಅಂತ ನಿರ್ಧಾರವಾದರೆ ಡಾಕ್ಟರಿಗೆ ಈ ಒಂದು ಪ್ರಶ್ನೆ ತಪ್ಪದೆ ಕೇಳಿ: ‘ಗಡ್ಡೆ ಇರುವ ಭಾಗವನ್ನಷ್ಟೇ ತೆಗೆದು ಕಿಡ್ನಿ ಉಳಿಸಬಹುದಾ?’ ಸಣ್ಣ ಗಡ್ಡೆಗೆ ಸಾಧ್ಯವಿದ್ದಾಗಲೆಲ್ಲ ಮೊದಲು ಯೋಚಿಸಬೇಕಾದ್ದು ಅದನ್ನೇ. ರಕ್ತಸ್ರಾವ, ಮೂತ್ರ ಸೋರಿಕೆ ಇಂಥ ತೊಂದರೆಗಳು ಇಡೀ ಕಿಡ್ನಿ ತೆಗೆಯುವುದಕ್ಕಿಂತ ಇದರಲ್ಲಿ ಸ್ವಲ್ಪ ಜಾಸ್ತಿ. ಆದರೆ ಸಕ್ಕರೆ ಕಾಯಿಲೆ, ಬಿ.ಪಿ. ಇರುವವರಲ್ಲಿ ಇನ್ನೊಂದು ಕಿಡ್ನಿಯೂ ಆಗಲೇ ದಣಿದಿರಬಹುದು. ಕಿಡ್ನಿಯ ಕೆಲಸ ತಿಳಿಯಲು ರಕ್ತದಲ್ಲಿ ನೋಡುವ ಕ್ರಿಯಾಟಿನಿನ್ ನಾರ್ಮಲ್ ಇದೆ ಅಂದ ಮಾತ್ರಕ್ಕೆ ಕಿಡ್ನಿ ಪೂರ್ತಿ ಸರಿಯಿದೆ ಎಂದಲ್ಲ. ಹಾಗಾಗಿ ಉಳಿಸಬಹುದಾದ ಪ್ರತಿ ತುಣುಕನ್ನೂ ಉಳಿಸಿಕೊಳ್ಳಬೇಕು. ಆಪರೇಷನ್ನಿಗೆ ರೋಬೋಟ್ ಯಂತ್ರ ಬೇಕೇ ಬೇಕು ಅಂತೇನಿಲ್ಲ, ಮಾಡುವವರ ಅನುಭವ ಮುಖ್ಯ. 3 ಸೆಂಟಿಮೀಟರ್ ಒಳಗಿನ ಗಡ್ಡೆಯನ್ನು ಸೂಜಿಯ ಮೂಲಕ ಬಿಸಿ ಕೊಟ್ಟು ಅಥವಾ ಹೆಪ್ಪುಗಟ್ಟಿಸಿ ನಾಶ ಮಾಡುವ ದಾರಿಯೂ ಇದೆ. ದೊಡ್ಡ ಆಪರೇಷನ್ ತಡೆಯಲಾರದವರು ಅದನ್ನು ಕೇಳಿ ನೋಡಬಹುದು.

ಯಾವ ದಾರಿ ಹಿಡಿದರೂ ಬೀಡಿ, ಸಿಗರೇಟು ಇವತ್ತೇ ಬಿಡಿ, ಬಿ.ಪಿ. ಹತೋಟಿಯಲ್ಲಿಡಿ. ಕಾಯುತ್ತಿರುವ ಅವಧಿಯಲ್ಲಿ ಮೂತ್ರದಲ್ಲಿ ರಕ್ತ ಕಾಣಿಸಿದರೆ, ಪಕ್ಕೆಯಲ್ಲಿ ನೋವು ಶುರುವಾದರೆ ಮುಂದಿನ ಸ್ಕ್ಯಾನಿನ ತಾರೀಖಿಗೆ ಕಾಯಬೇಡಿ. ಫಿಲ್ಮುಗಳನ್ನೆಲ್ಲ ಕೈಯಲ್ಲಿ ಹಿಡಿದು ಆ ದಿನವೇ ಡಾಕ್ಟರ ಹತ್ತಿರ ಹೋಗಿ.

ನಮಸ್ಕಾರ.