ಆನೆಯನ್ನು ತೂಗುವವರು ಯಾರು?

ಎಲ್ಲರಿಗೂ ನಮಸ್ಕಾರ. ಸ್ವಾಗತ ಮಾಡಿದವರು ನನ್ನನ್ನು ‘ವನ್ಯಜೀವಿ ತಜ್ಞರು’ ಅಂದರು. ನಮ್ಮಮ್ಮ ಇದ್ದಿದ್ದರೆ ನಗುತ್ತಿದ್ದರು. ಅವರ ಪಾಲಿಗೆ ನಾನು ಕೊನೆವರೆಗೂ ದನದ ಡಾಕ್ಟರೇ. ಹೆಬ್ಬಾಳದ ಕಾಲೇಜಿನಲ್ಲಿ ನಾವು ಕಲಿತದ್ದೂ ಹೆಚ್ಚಾಗಿ ಹಸು, ಎಮ್ಮೆಯ ಪಾಠವನ್ನೇ. ಆನೆಯ ಪಾಠ ಆಮೇಲೆ, ಮಾವುತರ ಪಕ್ಕದಲ್ಲಿ ನಿಂತು ಆಯಿತು.

ಪ್ರಾಣಿಗೆ ಮಾತು ಬರಲ್ಲ, ನಿಮ್ಮ ಕೆಲಸ ಕಷ್ಟ ಅಲ್ವಾ ಅಂತ ಕೇಳುತ್ತಾರೆ. ಹಸುಗೂಸಿಗೂ ಮಾತು ಬರಲ್ಲ ಬಿಡಿ. ನನ್ನ ನಿದ್ದೆ ಕೆಡಿಸಿದ್ದು ಡೋಸು. ಜೈಲಜಿನ್ ಅಂತ ಒಂದು ಮತ್ತಿನ ಮದ್ದಿದೆ. ಕುದುರೆಗೆ ಕೆಜಿ ಲೆಕ್ಕದಲ್ಲಿ ಕೊಡುವುದರ ಹತ್ತನೇ ಒಂದು ಪಾಲು ಕೊಟ್ಟರೆ ಹಸುವಿಗೆ ಸಾಕು. ಅದನ್ನೇ ಡಾರ್ಟಿಗೆ ತುಂಬಿ ಆನೆಗೂ ಹೊಡೆಯುತ್ತೇವೆ. ಸರಿ, ಕಾಫಿ ತೋಟದ ಮರೆಯಲ್ಲಿ ನಿಂತ ಸಲಗವನ್ನು ತೂಗುವವರು ಯಾರು?

ಅದಕ್ಕೊಂದು ಹಳೇ ಲೆಕ್ಕವಿದೆ. ಮುಂಗಾಲಿನ ಹೆಜ್ಜೆಯ ಸುತ್ತಳತೆಯ ಎರಡರಷ್ಟು, ಹೆಚ್ಚುಕಮ್ಮಿ ಆನೆಯ ಭುಜದ ಎತ್ತರ. ಕೆಸರಲ್ಲಿ ಮೂಡಿದ ಗುರುತಿಗೆ ದಾರ ಸುತ್ತಿ ಅಳೆಯುತ್ತಿದ್ದೆ. ಎತ್ತರದಿಂದ ತೂಕ, ತೂಕದಿಂದ ಡೋಸು. ಕಮ್ಮಿಯಾದರೆ ಅರೆಮಂಪರಿನಲ್ಲಿ ನಮ್ಮ ಮೇಲೇ ಬರುತ್ತದೆ.

ಜಾಸ್ತಿಯಾದರೆ ಏನು ಅನ್ನುವುದನ್ನೂ ನೋಡಿದ್ದೇನೆ. ನಿಂತಲ್ಲೇ ತೂಕಡಿಸಬೇಕಿದ್ದ ಸಲಗ ಇಳಿಜಾರಿನಲ್ಲಿ ಎದೆಯೂರಿ ಕೂತುಬಿಟ್ಟಿತು. ಆನೆ ಹಾಗೆ ಕೂತರೆ ಉಸಿರು ಕಟ್ಟುತ್ತದೆ, ಮಗ್ಗುಲಿಗೆ ಹೊರಳಿಸಲೇಬೇಕು. ಪಳಗಿದ ಕುಮ್ಕಿ ಆನೆಗಳು ಹಗ್ಗ ಎಳೆದವು. ನಾನು ಕಿವಿಯ ಹಿಂದೆ ರಕ್ತನಾಳ ಹುಡುಕಿ, ಮತ್ತು ಇಳಿಸುವ ಯೋಹಿಂಬಿನ್ ಚುಚ್ಚಿದೆ. ಸೊಂಡಿಲ ತುದಿಗೆ ಅಂಗೈ ಒಡ್ಡಿ ಕೂತಿದ್ದ ಕಾವಾಡಿ ಹುಡುಗ, ಮಾವುತನ ಸಹಾಯಕ, ಸ್ವಲ್ಪ ಹೊತ್ತಿಗೆ ‘ಬಂತು ಸಾರ್, ಬಿಸಿ ಬಂತು’ ಅಂದ. ಆಮೇಲೆಯೇ ನಾನೂ ಉಸಿರು ಬಿಟ್ಟದ್ದು.

ನಿವೃತ್ತನಾದ ಮೇಲೆ ನಾಯಿ, ಬೆಕ್ಕುಗಳ ಕ್ಲಿನಿಕ್ ಇಟ್ಟೆ, ಆರಾಮ ಅಂದುಕೊಂಡು. ಹೋದ ಮಳೆಗಾಲದಲ್ಲಿ ಒಬ್ಬರು ಬುಟ್ಟಿಯಲ್ಲಿ ಬೆಕ್ಕು ತಂದರು. ತುಟಿ ಸರಿಸಿ ನೋಡಿದರೆ ಒಸಡು ಕಾಫಿಪುಡಿ ಬಣ್ಣ. ‘ಮೈ ಬಿಸಿ ಇತ್ತು ಡಾಕ್ಟ್ರೇ, ಅರ್ಧ ಪ್ಯಾರಸಿಟಮಾಲ್ ಹಾಕಿದೆ. ಮಕ್ಕಳಿಗೆ ಕೊಡ್ತೀವಲ್ಲಾ...’ ಬೆಕ್ಕಿನ ಪಿತ್ತಜನಕಾಂಗಕ್ಕೆ ಅದನ್ನು ಅರಗಿಸಿಕೊಳ್ಳಲು ಆಗುವುದಿಲ್ಲ. ರಕ್ತ ಆಮ್ಲಜನಕ ಹೊರಲಾರದೆ ಹೋಗುತ್ತದೆ. ಬೆಕ್ಕು ಉಳಿಯಲಿಲ್ಲ.

ಆಕೆಯನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ನಮ್ಮವರು ಮಾಡಿದ್ದು ಇದಕ್ಕಿಂತ ದೊಡ್ಡದು. ಕುಂಟುವ ಎತ್ತಿಗೆ, ಕೆಚ್ಚಲು ಬಾವಿಗೆ ಡೈಕ್ಲೋಫೆನಾಕ್ ಅನ್ನುವ ನೋವಿನ ಮದ್ದು ಚುಚ್ಚಿದವರು ನಾವೇ. ದನಕ್ಕೆ ಗುಣವಾಗುತ್ತಿತ್ತು. ಆದರೆ ಮದ್ದು ಮೈಯಲ್ಲಿರುವಾಗಲೇ ಸತ್ತ ದನವನ್ನು ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು, ಬಿಳಿಬೆನ್ನಿನ ಜಾತಿಯಲ್ಲಿ ಶೇ 99ಕ್ಕೂ ಹೆಚ್ಚು ಹಕ್ಕಿಗಳು ಹೋದವು. 2006ರಲ್ಲಿ ಪಶುಗಳಿಗೆ ಆ ಮದ್ದು ನಿಷೇಧವಾಯಿತು. ಜನ ಬಿಡಬೇಕಲ್ಲ, ಮನುಷ್ಯರದ್ದನ್ನೇ ತಂದು ದನಕ್ಕೆ ಚುಚ್ಚಿದರು. ದನಕ್ಕೆ ಸಾಲದ ಹಾಗೆ 2015ರಲ್ಲಿ ಆ ಬಾಟಲಿಯನ್ನೇ 3 ಮಿಲಿಲೀಟರಿಗೆ ಇಳಿಸಬೇಕಾಯಿತು. ರಾಮನಗರದ ರಾಮದೇವರ ಬೆಟ್ಟಕ್ಕೆ ಹೋದಾಗಲೆಲ್ಲ ಕತ್ತೆತ್ತಿ ರಣಹದ್ದು ಎಣಿಸುತ್ತೇನೆ. ಒಂದು ಕೈಯ ಬೆರಳುಗಳು ಸಾಕಾಗುತ್ತವೆ.

ಇನ್ನು ನೀವು ಕೇಳಿ. ಔಷಧಿ ಕೇಳುವವರು ಮೊದಲು ನಿಮ್ಮ ನಾಯಿ, ಬೆಕ್ಕಿನ ತೂಕ ಹೇಳಬೇಕು. ಗೊತ್ತಿಲ್ಲದಿದ್ದರೆ, ಮನೆಯಲ್ಲಿ ಅದನ್ನು ಎತ್ತಿಕೊಂಡು ತೂಕದ ಮಿಷನ್ ಮೇಲೆ ನಿಂತು, ಬಂದ ತೂಕದಲ್ಲಿ ನಿಮ್ಮದನ್ನು ಕಳೆದು, ನಾಳೆ ಕ್ಲಿನಿಕ್ಕಿಗೆ ಬನ್ನಿ.