ಗೋಡಂಬಿಯಷ್ಟು ಮೂಳೆ

ಕೇಳುಗರೇ, ನಮಸ್ಕಾರ.

ಬೆಂಗಳೂರಿನಲ್ಲಿ ಸಂಜೆ ಮಳೆ ಹುಯ್ದರೆ ಮರುದಿನ ಬೆಳಿಗ್ಗೆ ನಮ್ಮ ಎಕ್ಸ್‌ರೇ ಕೋಣೆಯ ಮುಂದಿನ ಬೆಂಚು ತುಂಬಿರುತ್ತದೆ. ಗುಂಡಿಗೆ ಸ್ಕೂಟರ್ ಇಳಿಸಿದವರು, ಕೆ.ಆರ್. ಮಾರ್ಕೆಟ್ಟಿನಲ್ಲಿ ಕೊಳೆತ ಸೊಪ್ಪಿನ ಮೇಲೆ ಕಾಲಿಟ್ಟು ಜಾರಿದವರು. ಬೀಳುವಾಗ ಅಂಗೈ ತಾನಾಗಿ ನೆಲಕ್ಕೆ ಊರುತ್ತದೆ. ಮೈಭಾರವೆಲ್ಲ ಮಣಿಕಟ್ಟಿನ ಮೇಲೆ.

ಮೊದಲು ಬಳೆ, ಉಂಗುರ ತೆಗೆಸುತ್ತೇವೆ. 1895ರಲ್ಲಿ ಎಕ್ಸ್‌ರೇ ಕಂಡುಹಿಡಿದ ರಾಂಟ್‌ಜೆನ್ ತನ್ನ ಹೆಂಡತಿಯ ಕೈಯ ಚಿತ್ರ ತೆಗೆದಾಗ ಬೆರಳಲ್ಲಿ ಉಂಗುರ ಹಾಗೇ ಇತ್ತು. ನಮ್ಮಲ್ಲಾಗಿದ್ದರೆ ಮತ್ತೆ ತೆಗೆಯಿರಿ ಅನ್ನುತ್ತಿದ್ದರು!

ಮಣಿಕಟ್ಟಿನಲ್ಲಿ 8 ಪುಟ್ಟ ಮೂಳೆಗಳಿವೆ. ಹೆಚ್ಚು ಮುರಿಯುವುದು ಹೆಬ್ಬೆರಳಿನ ಕಡೆಯ ಸ್ಕೇಫಾಯ್ಡ್. ನೋಡಲು ಗೋಡಂಬಿಯಂತೆ. ಹೆಬ್ಬೆರಳು ಎತ್ತಿ ಹಿಡಿಯಿರಿ, ಬುಡದಲ್ಲಿ ಒಂದು ಗುಳಿ ಬೀಳುತ್ತದೆ. ಹಿಂದಿನವರು ಅಲ್ಲಿ ನಶ್ಯ ಇಟ್ಟುಕೊಂಡು ಏರಿಸುತ್ತಿದ್ದರಂತೆ. ವೈದ್ಯರು ಈಗಲೂ ಅದನ್ನು ನಶ್ಯದ ಡಬ್ಬಿ ಎಂದೇ ಕರೆಯುತ್ತಾರೆ. ಬಿದ್ದ ಮೇಲೆ ಅಲ್ಲಿ ಒತ್ತಿದರೆ ಜೀವ ಹೋದಂತಾಯಿತೇ? ಗುಮಾನಿ ಸ್ಕೇಫಾಯ್ಡ್ ಮೇಲೆ. ನೇರ, ಪಕ್ಕ, ಓರೆ ಎಂದು ತೆಗೆದು, ಕೈಯನ್ನು ಕಿರುಬೆರಳಿನತ್ತ ವಾಲಿಸಿ ಇನ್ನೊಂದು ತೆಗೆಯುತ್ತೇವೆ. ಆಗ ಬಾಗಿಕೊಂಡ ಮೂಳೆ ಉದ್ದಕ್ಕೆ ಕಾಣುತ್ತದೆ.

ಇಷ್ಟಾದರೂ ಮೊದಲ ದಿನ ಕೂದಲೆಳೆ ಬಿರುಕು ಕಣ್ಣುತಪ್ಪಿಸಬಹುದು. ತುಂಡುಗಳು ಅಲುಗಾಡದೆ ಅಂಟಿಕೊಂಡೇ ಇರುತ್ತವೆ. 10ರಿಂದ 14 ದಿನಗಳಲ್ಲಿ ಬಿರುಕಿನ ಅಂಚು ಸವೆದು ಗೆರೆ ಎದ್ದು ಕಾಣುತ್ತದೆ. ಅಲ್ಲಿಯವರೆಗೆ ಕೈಗೆ ಪಟ್ಟಿ. ಕಾಯಲಾಗದಿದ್ದರೆ ಎಂ.ಆರ್.ಐ.; ಮೂಳೆಯ ಮಜ್ಜೆಯಲ್ಲಿ ಜಿನುಗಿದ ನೀರನ್ನೂ ಅದು ಬೇಗನೆ ತೋರಿಸುತ್ತದೆ, ವಿಕಿರಣವೂ ಇಲ್ಲ. ತುಂಡು ಎಷ್ಟು ಸರಿದಿದೆ ಎಂದು ಅಳೆಯಲು ಸಿ.ಟಿ. ಚೆನ್ನ.

ಇಷ್ಟು ಸಣ್ಣ ಮೂಳೆಗೆ ಇಷ್ಟೆಲ್ಲ ಯಾಕೆ ಅನ್ನುತ್ತೀರಿ. ಇದಕ್ಕೆ ರಕ್ತ ಬಹುಪಾಲು ಬೆರಳಿನ ಕಡೆಯಿಂದ ಹಿಮ್ಮುಖವಾಗಿ ಬರುತ್ತದೆ. ಬೀದಿಯ ಕೊನೆಯ ಮನೆಗೆ ಕಾವೇರಿ ನೀರು ಬಂದ ಹಾಗೆ. ನಡುವೆ ಪೈಪು ಒಡೆದರೆ ಕೊನೆಯ ಮನೆ ಒಣಗುತ್ತದೆ. ಮುಂಗೈ ಕಡೆಯ ತುಂಡು ಸಾಯಲೂಬಹುದು.

ಹಿಂದಿನ ಮಳೆಗಾಲದಲ್ಲಿ ಊಟ ತಲುಪಿಸುವ ಹುಡುಗನೊಬ್ಬ ಬಂದಿದ್ದ. ಫಿಲ್ಮಿನಲ್ಲಿ ಏನೂ ಇರಲಿಲ್ಲ. "ಎರಡು ವಾರ ಬಿಟ್ಟು ಮತ್ತೆ ಬಾ" ಎಂದು ಡಾಕ್ಟರು ಚೀಟಿಯಲ್ಲೇ ಬರೆದುಕೊಟ್ಟರು. ಅವನು ಎಣ್ಣೆ ತಿಕ್ಕಿಸಿಕೊಂಡು ಗಾಡಿ ಹತ್ತಿದ. ಬಂದದ್ದು ಮೂರು ತಿಂಗಳಿಗೆ, "ಆಕ್ಸಲರೇಟರ್ ತಿರುಗಿಸೋಕಾಗ್ತಿಲ್ಲ ಸಾರ್" ಅಂತ. ಹೊಸ ಫಿಲ್ಮನ್ನು ಬೆಳಕಿಗೆ ಹಿಡಿದೆ. ನಾನು ಬಾಯಿ ಬಿಡುವ ಮೊದಲೇ ಅವನು ಎಡಗೈ ಚಾಚಿ, ಎರಡು ಹೋಳುಗಳ ನಡುವಿನ ಸಂದಿಗೆ ಬೆರಳಿಟ್ಟು ತೋರಿಸಿದ.