ಮಂಡ್ಯದ ಗದ್ದೆ ಮಣ್ಣು, ಮೆಷಿನ್ ಬಿಟ್ಟು ಹೋಗದ ಥೋರಿಯಂ

ಇದು ಮಂಡ್ಯ ಕಡೆ ಕಬ್ಬಿನ ಗದ್ದೆ ಮಣ್ಣು. ವಿಕಿರಣ ಸೂಸೋ ಯುರೇನಿಯಂ, ಥೋರಿಯಂ ಇದರಲ್ಲಿ ಎಷ್ಟಿದೆ ಅಂತ ಅಳೀಬೇಕು. ಒಣಗಿಸೋದು, ಜರಡಿ ಹಿಡಿಯೋದು ಕಾಣ್ತಾನೇ ಇದೆ, ಬಿಡಿ. ಆದ್ರೆ 2 ಮಿಲಿಮೀಟರ್ ಜರಡಿಗೇ ನಿಲ್ಲಿಸಬೇಡಿ, ನುಣ್ಣಗೆ ಅರೀರಿ. ಟೆಫ್ಲಾನ್ ಪಾತ್ರೆಗೆ ಹೋಗೋದು ಬರೀ 0.1 ಗ್ರಾಂ. ಅದರೊಳಗೆ ಯುರೇನಿಯಂ ಹಿಡಿದಿಟ್ಕೊಳ್ಳೋ ಜಿರ್ಕಾನ್ ಖನಿಜದ ಕಣ ಒಂದು ಹೆಚ್ಚಿಗೆ ಸೇರಿದ್ರೂ ಯುರೇನಿಯಂ ಲೆಕ್ಕ ಏರುಪೇರು.

ಈಗ ಆಸಿಡ್‌ಗಳು: ನೈಟ್ರಿಕ್ 6 ಮಿಲಿ, ಹೈಡ್ರೋಕ್ಲೋರಿಕ್ 2, ಹೈಡ್ರೋಫ್ಲೋರಿಕ್ 1. ಈ ಮೂರನೇದು ಇಲ್ದೆ ಸಿಲಿಕೇಟ್ ಕರಗಲ್ಲ. ಅದು ಸುಟ್ಟರೆ ಹಚ್ಚೋ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಕೈಗೆ ಸಿಗೋ ಹಾಗೆ ಇಟ್ಕೊಳ್ಳದೆ ಹೈಡ್ರೋಫ್ಲೋರಿಕ್ ಮುಚ್ಚಳ ಮುಟ್ಟಬೇಡಿ. ಮೈಕ್ರೋವೇವ್ ಆದ್ಮೇಲೆ ಬೋರಿಕ್ ಆಸಿಡ್ ಹಾಕಿ ಇನ್ನೊಂದು ಸಲ ಬಿಸಿ. ಇಲ್ದಿದ್ರೆ ಕ್ಯಾಲ್ಸಿಯಂ ಫ್ಲೋರೈಡ್ ತಳಕ್ಕೆ ಕೂತು ಥೋರಿಯಂನೂ ಎಳ್ಕೊಂಡು ಹೋಗುತ್ತೆ.

50 ಮಿಲಿ ಮಾಡಿ, ಮತ್ತೆ ಹತ್ತು ಪಟ್ಟು ತೆಳು. 0.1 ಗ್ರಾಂ ಮಣ್ಣಿಗೆ ಒಟ್ಟು 5000 ಪಟ್ಟು. ಈಗ ಐಸಿಪಿ-ಎಂಎಸ್, ಅಂದ್ರೆ ದ್ರಾವಣವನ್ನ ಬಿಸಿ ಪ್ಲಾಸ್ಮಾಗೆ ಹಾಯಿಸಿ ಪರಮಾಣುಗಳನ್ನ ತೂಕದ ಪ್ರಕಾರ ಎಣಿಸೋ ಮೆಷಿನ್.

ತಲೆನೋವು ಶುರುವಾಗೋದೇ ಇಲ್ಲಿ. ಈ ಥೋರಿಯಂ ಹಬ್ಬಕ್ಕೆ ಬಂದ ನೆಂಟರ ಥರ, ಹೊರಡೋದೇ ಇಲ್ಲ. ನೋಡಿ, ಪ್ರಮಾಣ ಗೊತ್ತಿರೋ ಸ್ಟ್ಯಾಂಡರ್ಡ್ ದ್ರಾವಣ ಮುಗೀತು, ಈಗ ಓಡ್ತಿರೋದು ಎರಡೂ ಇಲ್ಲದ ಬ್ಲ್ಯಾಂಕ್. ಪರಮಾಣು ತೂಕ 238ರಲ್ಲಿ ಯುರೇನಿಯಂ ದಬಕ್ಕಂತ ಇಳಿದಿದೆ. ಥೋರಿಯಂನ 232 ಮಾತ್ರ ಇನ್ನೂ ಎಳೀತಾನೇ ಇದೆ. ಆಸಿಡ್ ಕಮ್ಮಿ ಇದ್ರೆ ಥೋರಿಯಂ ನೀರಿನ ಜೊತೆ ಸೇರಿ (ಹೈಡ್ರೋಲೈಸ್ ಆಗಿ) ಪಂಪ್ ಟ್ಯೂಬಿಗೆ, ಸ್ಪ್ರೇ ಚೇಂಬರಿಗೆ ಅಂಟುತ್ತೆ. 2% ನೈಟ್ರಿಕ್ಕಿನಲ್ಲಿ ಎಷ್ಟು ತೊಳೆದ್ರೂ ಅಷ್ಟೇ. 5% ನೈಟ್ರಿಕ್‌ಗೆ 0.05% ಹೈಡ್ರೋಫ್ಲೋರಿಕ್ ಸೇರಿಸಿದ್ರೆ ಬಿಡುತ್ತೆ. ಆದ್ರೆ ದ್ರಾವಣ ಸಿಂಪಡಿಸೋ ನೆಬ್ಯುಲೈಸರ್ ಗಾಜಿನದಾಗಿದ್ರೆ ಅದನ್ನೂ ತಿನ್ನುತ್ತೆ, ಟೆಫ್ಲಾನ್ ಥರದ ಪಿಎಫ್‌ಎ ಪ್ಲಾಸ್ಟಿಕ್ ಕಿಟ್ಟೇ ಬೇಕು. ಸ್ಟ್ಯಾಂಡರ್ಡ್ ಓಡಿಸೋದು ಕಮ್ಮಿಯಿಂದ ಜಾಸ್ತಿಗೆ, ಉಲ್ಟಾ ಹೊಡೆದ್ರೆ ಕೆಟ್ಟಿರಿ. ಟ್ಯೂಬ್ ಹಳೇದಾಗಿದ್ರೆ ತೊಳೆಯೋ ಬದಲು ಬಿಸಾಕಿ.

ಇಷ್ಟು ಹೊತ್ತೂ ಪ್ಲಾಸ್ಮಾಗೆ ಬೇಕಾದ ಆರ್ಗಾನ್ ಅನಿಲ ಖಾಲಿಯಾಗ್ತಿದೆ ಅನ್ನೋದೇ ಹೊಟ್ಟೆ ಉರಿ. ನಿಮಿಷಕ್ಕೆ 17 ಲೀಟರ್. 7 ಘನ ಮೀಟರ್ ಸಿಲಿಂಡರ್ 7 ಗಂಟೆ ಕೂಡ ಬರಲ್ಲ. ಇದರ ಮಧ್ಯೆ ಕರೆಂಟ್ ಹೋದ್ರೆ ಪ್ಲಾಸ್ಮಾ ಆರಿ, ಮತ್ತೆ ಹಚ್ಚಿ, ಅರ್ಧ ಗಂಟೆ ಕಾಯಿಸಿ... ಯುಪಿಎಸ್ ಇಲ್ದೆ ಇದಕ್ಕೆ ಕೈ ಹಾಕ್ಲೇಬಾರದು.

ಇದಿದ್ಮೇಲೆ ವಿಕಿರಣ ಅಳೆಯೋ ಗಾಮಾ ಡಿಟೆಕ್ಟರ್ ಯಾಕೆ ಬೇಕು? ಯಾಕೂ ಬೇಡ. ಅಲ್ಲ, ತಡೀರಿ, ಯುರೇನಿಯಂ ಕ್ಷಯಿಸ್ತಾ ಹುಟ್ಟೋ ರೇಡಿಯಂಗೆ ಬೇಕು. ಈ ಮೆಷಿನ್ ಎಣಿಸೋದು ಪರಮಾಣುಗಳನ್ನ, ವಿಕಿರಣವನ್ನಲ್ಲ. ರೇಡಿಯಂ-226ರ ಅರ್ಧಾಯುಷ್ಯ 1600 ವರ್ಷ, 1 ಬೆಕೆರೆಲ್ (ಸೆಕೆಂಡಿಗೆ ಒಂದು ಪರಮಾಣು ಕ್ಷಯಿಸೋ ಲೆಕ್ಕ) ಅಂದ್ರೆ ಸುಮಾರು 27 ಪಿಕೋಗ್ರಾಂ ಅಷ್ಟೇ, ಪಿಕೋಗ್ರಾಂ ಅಂದ್ರೆ ಗ್ರಾಂನ ಲಕ್ಷ ಕೋಟಿಯಲ್ಲಿ ಒಂದು ಭಾಗ. 0.1 ಗ್ರಾಂ ಮಣ್ಣಲ್ಲಿ ಎಲ್ಲಿ ಹುಡುಕ್ತೀರಿ? ಯುರೇನಿಯಂ-238, ಥೋರಿಯಂ-232ಕ್ಕೆ ಕೋಟ್ಯಂತರ ವರ್ಷದ ಆಯುಷ್ಯ, ಪರಮಾಣು ರಾಶಿ ರಾಶಿ ಇರುತ್ತೆ.

ಡಿಎಪಿ ಗೊಬ್ಬರ ಹಾಕಿದ್ರೆ ಯುರೇನಿಯಂ ಬರುತ್ತಾ ಅಂತ ಕೇಳೋರಿದಾರೆ. ಅದರ ಮೂಲವಾದ ಶಿಲಾರಂಜಕದಲ್ಲಿ (ರಾಕ್ ಫಾಸ್ಫೇಟ್) ಇರೋದು ನಿಜ. ಆದ್ರೆ ಒಂದು ಬೆಳೆಯ ಗೊಬ್ಬರಕ್ಕೆ ಈ ಅಂಕಿ ಅಲ್ಲಾಡಲ್ಲ.

ಆಯ್ತು, 232 ಇಳೀತು. ಕಿಲೋಗೆ 1 ಮಿಲಿಗ್ರಾಂ ಯುರೇನಿಯಂ ಬಂದ್ರೆ 12.35 ಬೆಕೆರೆಲ್, ಥೋರಿಯಂ ಆದ್ರೆ 4.06, ಬರ್ಕೊಳ್ಳಿ. ಮುಂದಿನ ಟ್ಯೂಬ್ ಹಾಕ್ತೀನಿ.